ಕೂಸಿಗೆ ಮೊದಲ ಬಟ್ಟೆ

ದೊಡ್ಡಮ್ಮ ಹಳೇ ಸೀರೆಯ ಅಂಚನ್ನು ಮುಂದಿನ ಹಲ್ಲಿಗೆ ಸಿಕ್ಕಿಸಿ, ತಲೆಯನ್ನು ಒಂದು ಸಲ ಪಕ್ಕಕ್ಕೆ ಎಳೆದು, ಸರ್ರೆಂದು ಹರಿದುಬಿಡುತ್ತಿದ್ದರು. ಆ ಹಲ್ಲು ಎಲೆಅಡಿಕೆ ತಿಂದು ತಿಂದು ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಹಾಗಾಗಿ ಅವರು ಹರಿದುಕೊಟ್ಟ ಪ್ರತಿ ತುಂಡಿನ ತುದಿಯಲ್ಲೂ ಒಂದು ಕೆಂಪು ಕಲೆ. ಎಷ್ಟು ಒಗೆದರೂ ಹೋಗದು. ನಮ್ಮ ಬೀದಿಯ ಹೆಂಗಸರಿಗೆ ಆ ಕಲೆಯೆಂದರೆ ಕಣ್ಣಿಗೆ ಒತ್ತಿಕೊಳ್ಳುವಷ್ಟು ಭಕ್ತಿ. ನನಗೆ ಅದು ಬರೀ ಎಂಜಲಿನ ಗುರುತು.

ಶಿರಾದಲ್ಲಿ ನಮ್ಮ ಎದುರು ಮನೆ ಅವರದು. ಗಂಡನಿಗೆ ಕಡಲೆಕಾಯಿ ಮಂಡಿ. ಬೀದಿಗೆಲ್ಲ ಅವರು ದೊಡ್ಡಮ್ಮ. ನಾನೂ ಹಾಗೇ ಕರೆಯುತ್ತಿದ್ದೆ, ಬಾಯಿಮಾತಿಗೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ಮಧುಗಿರಿಯಿಂದ ಮದುವೆಯಾಗಿ ಬಂದು ಅಲ್ಲಿನ ಪ್ರೈಮರಿ ಶಾಲೆಗೆ ಟೀಚರಾಗಿ ಸೇರಿದೆ. ಮೊದಲ ದಿನವೇ ಅವರು ನನ್ನ ಕೈಗಡಿಯಾರ ನೋಡಿ, "ಟೀಚರಮ್ಮಂಗೆ ಹೊತ್ತು ಎಷ್ಟಾಯ್ತು ಅನ್ನೋದು ಸೂರ್ಯನ್ನ ನೋಡಿದ್ರೆ ಗೊತ್ತಾಗಾಕಿಲ್ವೇನೋ" ಎಂದು ಜಗಲಿಯಿಂದಲೇ ಕೂಗಿ ಹೇಳಿದರು. ಆವತ್ತೇ ನಮ್ಮಿಬ್ಬರಿಗೂ ಆಗಿಬರುವುದಿಲ್ಲ ಎಂದು ಗೊತ್ತಾಯಿತು.

ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ನಾಮಕರಣದವರೆಗೂ ಹಳೇದೇ, ಒಗೆದು ಒಗೆದು ಮೆತ್ತಗಾದದ್ದು. ಇಷ್ಟರಲ್ಲಿ ತಪ್ಪೇನೂ ಇಲ್ಲ, ಎಳೇ ಚರ್ಮಕ್ಕೆ ಗಂಜಿ ಹಾಕಿದ ಹೊಸ ಬಟ್ಟೆ ಚುಚ್ಚುತ್ತದೆ. ಆದರೆ ನಮ್ಮ ಬೀದಿಯಲ್ಲಿ ಮನೆಯ ಹಳೇ ಸೀರೆ ಸಾಲುತ್ತಿರಲಿಲ್ಲ. ಹೆತ್ತ ಮಕ್ಕಳಲ್ಲಿ ಒಂದನ್ನೂ ಕಳೆದುಕೊಳ್ಳದ ಹೆಂಗಸಿನ ಮನೆಯಿಂದಲೇ ಬೇಡಿ ತರಬೇಕು. ದೊಡ್ಡಮ್ಮ ಏಳು ಹೆತ್ತಿದ್ದರು, ಏಳೂ ಬದುಕಿದ್ದವು. ಮನೆಮನೆಯಲ್ಲೂ ಒಂದೋ ಎರಡೋ ಮಣ್ಣಾಗುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಏಳಕ್ಕೆ ಏಳೂ ಉಳಿದದ್ದು ತಮ್ಮ ಕೈಗುಣ ಎಂದು ಅವರು ತಿಳಿದಿದ್ದರು. ಬೀದಿಯವರೂ ಹಾಗೇ ತಿಳಿದು ಅವರ ತಲೆ ಇನ್ನಷ್ಟು ತಿರುಗಿಸಿಟ್ಟಿದ್ದರು.

ಬಸುರಿಯ ಅತ್ತೆಯೋ ತಾಯಿಯೋ ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಹೋಗಿ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂರಬೇಕು. ದೊಡ್ಡಮ್ಮ ನೋಡಿಯೂ ನೋಡದವರಂತೆ ಆಳಿಗೆ ಬೈಯುವುದನ್ನು ಮುಗಿಸಿ, ಎಲೆ ಮಡಿಸಿ ಬಾಯಿಗಿಟ್ಟುಕೊಂಡು, ಉಗಿದು ಬಂದು, ಆಮೇಲೆ ಶುರು ಮಾಡುತ್ತಿದ್ದರು.

"ಕೂಸಿಗೆ ಏನೇನ್ ತಂದಿದ್ದೀರ?"

ಆ ಬಡಪಾಯಿ ಹೆದರುತ್ತಾ ಹೇಳಬೇಕು. ಅಳಿಯ ಬೆಂಗಳೂರಿಂದ ಹಾಲಿನ ಬಾಟಲಿ ತಂದವ್ರೆ ಎಂದರೆ, "ಬಾಟ್ಲು? ನಿನ್ ಮಗ್ಳು ಎದೇಲಿ ಹಾಲಿಲ್ವಾ? ಆ ರಬ್ಬರ್ ತೊಟ್ಟು ತೊಳೆಯಕ್ಕೇ ಒಬ್ಳು ಆಳು ಮಡೀಕೋಬೇಕು, ಬಿಸಾಕು ತಿಪ್ಪೆಗೆ." ಪೌಡರು ಎಂದರೆ, "ಯಾಕೆ, ಕೂಸು ನಾಟ್ಕ ಕಟ್ತದಾ?" ಸೋಪು ಎಂದರೆ, "ಕಡ್ಲೆಹಿಟ್ಟು ಸತ್ತೋಯ್ತಾ?" ಕೊನೆಗೆ ತಮ್ಮ ಆಜ್ಞೆ: ಮಲಗಿಸಲು ಒಂದು ಮೊರ, ಹಾಲು ಹುಯ್ಯಲು ಒಂದು ಒಳಲೆ, ಬಜೆ, ಹರಳೆಣ್ಣೆ, ಹೊಗೆಗೆ ಸಾಂಬ್ರಾಣಿ, ಮೈಮೇಲೆ ತಮ್ಮ ಸೀರೆಯ ತುಂಡು. "ಇದ್ರ ಮ್ಯಾಕೆ ಇನ್ನೇನೂ ಬ್ಯಾಡ. ಮಿಕ್ಕಿದ್ದೆಲ್ಲ ಅಂಗ್ಡಿಯೋನ ಹೊಟ್ಟೆಗೆ."

ಬಾಟಲಿಯ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಅದೇ ಉಸಿರಿನಲ್ಲಿ ಹೊಕ್ಕುಳಿಗೆ ಒಲೆಯ ಬೂದಿ ಮೆತ್ತಿ ಎನ್ನುತ್ತಿದ್ದರು, ಮೂಗಿಗೆ ಹರಳೆಣ್ಣೆ ಬಿಡಿ ಎನ್ನುತ್ತಿದ್ದರು. ಕೇಳಿದವರು ಎರಡಕ್ಕೂ ಒಂದೇ ಸಮ ತಲೆಯಾಡಿಸಿ, ಕೆಂಪು ಕಲೆಯ ತುಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು. ಇವರನ್ನು ನೋಡಿ ನಗಬೇಕೋ ಬೈಯಬೇಕೋ ತಿಳಿಯದೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ನಾನು ಮೊದಲ ಸಲ ಬಸುರಿಯಾದಾಗ ಹೆರಿಗೆಗೆ ಮಧುಗಿರಿಗೆ, ತವರಿಗೆ ಹೊರಟೆ. ಬಸ್ಸಿಗೆ ಹೋಗುತ್ತಿದ್ದವಳನ್ನು ದೊಡ್ಡಮ್ಮ ಜಗಲಿಯಿಂದಲೇ ಕೂಗಿ ಬೀದಿಯ ಮಧ್ಯೆ ನಿಲ್ಲಿಸಿದರು.

"ಬಟ್ಟೆ ಇಸ್ಕೊಂಡೋಗಲ್ವಾ, ಟೀಚರಮ್ಮ?"

"ಅಂಗಡೀಲಿ ತಗೊಂಡಿದೀನಿ ದೊಡ್ಡಮ್ಮ."

"ಕೂಸು ಹುಟ್ಟೋಕೆ ಮುಂಚೇನೇ?" ಎಂದು ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಏನೇನ್ ತಗಂಡೆ?"

ಹೆದರಿದಳು ಎಂದುಕೊಳ್ಳಬಾರದೆಂದು ಎಲ್ಲವನ್ನೂ ಹೇಳಿದೆ. ಬಿಳಿ ಜುಬ್ಬಗಳು, ರಬ್ಬರ್ ಶೀಟು, ಪೌಡರು ಸೋಪು ಇರುವ ಗುಲಾಬಿ ಡಬ್ಬಿ, ಉಣ್ಣೆಯ ಟೋಪಿ. ಟೋಪಿ ಎಂದದ್ದೇ ತಡ, ಅವರು ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. "ಶಿರಾದ ಬಿಸ್ಲಿಗೆ ಉಣ್ಣೆ ಟೋಪಿ! ಕೂಸಿನ ತಲೆ ಬೇಯಿಸ್ಕೊಂಡು ತಿಂತೀಯಾ?" ಬೀದಿಗೆ ಬೀದಿಯೇ ನಕ್ಕಿತು. ನಾನು ತಲೆಯೆತ್ತಿಕೊಂಡೇ ಹೋಗಿ ಬಸ್ಸು ಹತ್ತಿದೆ.

ಗಂಡು ಮಗು. ಹುಟ್ಟಿದಾಗಿನಿಂದ ಉಸಿರಿಗೆ ಒದ್ದಾಡಿತು. ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ವಾರ ತುಂಬುವುದರೊಳಗೆ ಹೋಯಿತು. ಹೋದಾಗ ಅದರ ಮೈಮೇಲೆ ನಾನು ಆರಿಸಿ ತಂದ ಬಿಳಿ ಜುಬ್ಬ ಇತ್ತು.

ಬರಿಗೈಯಲ್ಲಿ ಶಿರಾಕ್ಕೆ ಬಂದು, ಮೊದಲ ಸಲ ಬೀದಿಯ ಕೊಳಾಯಿಗೆ ಬಿಂದಿಗೆ ಹಿಡಿದು ಹೋದ ಬೆಳಿಗ್ಗೆ ದೊಡ್ಡಮ್ಮ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿಯೇ, ಆದರೆ ಪಕ್ಕದವಳಿಗೆ ಹೇಳುವವರಂತೆ ಹೇಳಿದರು: "ಅಂಗ್ಡಿ ಬಟ್ಟೆ ಹೊದಿಸಿದ್ರೆ ಉಳೀತದಾ?"

ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ನಾನು ಹಾಗೇ ನಿಂತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಶ್ವಾಸಕೋಶದ ಪಾಠ ಮಾಡುತ್ತಿದ್ದವಳು ನಾನು. ಬಟ್ಟೆಯಿಂದ ಕೂಸು ಸಾಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಮಿಕ್ಕ ಸಾಮಾನನ್ನೆಲ್ಲ ಟ್ರಂಕಿಗೆ ಹಾಕಿ ಮುಚ್ಚಿದೆ, ಆಮೇಲೆ ಆ ಟ್ರಂಕು ತೆಗೆಯುವುದು ನನ್ನಿಂದಾಗಲಿಲ್ಲ. ತೆಗೆದರೆ, ನಾನೇ ಕೊಂದೆನೇ ಎಂಬ ಪ್ರಶ್ನೆ ಅಲ್ಲಿಂದ ಎದ್ದುಬರುತ್ತದೆ ಎಂದು ಭಯ. ದೊಡ್ಡಮ್ಮನ ಜೊತೆ ಮಾತು ಬಿಟ್ಟೆ. ಅವರಾದರೂ ಒಂದು ದಿನ, ಬಾಯಿತಪ್ಪಿ ಅಂದೆ ಕಣೆ ಎನ್ನುತ್ತಾರೇನೋ ಎಂದು ಕಾದೆ. ಅವರೇಕೆ ಅಂದಾರು?

ನಾನು ಎರಡನೇ ಸಲ ಬಸುರಿಯಾದಾಗ ಎಂಬತ್ತರ ದಶಕ ಶುರುವಾಗಿತ್ತು. ನಮ್ಮ ಅತ್ತೆ ಪಟ್ಟನಾಯಕನಹಳ್ಳಿ ಕಡೆಯವರು, ಒಳ್ಳೆಯವರು, ಎಲ್ಲಕ್ಕೂ ಹೆದರುವವರು. ನನಗೆ ಹೇಳದೆ ತಟ್ಟೆ ಹಿಡಿದು ಹೋಗಿ, ಮೆಟ್ಟಿಲ ಮೇಲೆ ಕೂತು, ಕೆಂಪು ಕಲೆಯ ಒಂದು ತುಂಡು ತಂದು ಬಚ್ಚಿಟ್ಟಿದ್ದರು. ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ಹಟ ಮಾಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಆಗಲೇ ದೊಡ್ಡಮ್ಮನ ಮೂರನೇ ಮಗ ಹೋದ. ಮಂಡಿಯ ಲೋಡು ನೋಡಿಕೊಳ್ಳುತ್ತಿದ್ದ ಹುಡುಗ, ಮದುವೆಗೆ ಹೆಣ್ಣು ನೋಡುತ್ತಿದ್ದರು. ಹೈವೇಯಲ್ಲಿ ಅವನ ಮೋಟರ್‌ಸೈಕಲ್ಲಿಗೆ ಲಾರಿ ಬಡಿಯಿತು. ಬೀದಿಯವರೆಲ್ಲ ಹೋಗಿ ಎದೆ ಬಡಿದುಕೊಂಡು ಅತ್ತು ಬಂದರು. ಆಮೇಲೆ ಮಾಡಿದ ಕೆಲಸ ಕೇಳಿ.

ತಿಥಿ ಮುಗಿದ ಮಾರನೆಯ ದಿನ ನಾನು ಅಡುಗೆಮನೆಗೆ ಹೋದರೆ, ಅತ್ತೆ ಒಲೆಯ ಮೇಲಿಂದ ಬಿಸಿನೀರಿನ ಪಾತ್ರೆ ಇಳಿಸುತ್ತಿದ್ದರು. ಕೈಯಲ್ಲಿ ಹಿಡಿದಿದ್ದ ಮಸಿಬಟ್ಟೆಯ ತುದಿಯಲ್ಲಿ ಕೆಂಪು ಕಲೆ.

"ಇದೇನತ್ತೆ?"

"ಆ ಮನೆ ಬಟ್ಟೆ ಇನ್ನು ಬ್ಯಾಡ ಕಣಮ್ಮ," ಎಂದರು ಅತ್ತೆ, ನನ್ನ ಮುಖ ನೋಡದೆ. "ಅವಳ್ದೂ ಒಂದು ಹೋಯ್ತಲ್ಲ. ಮೇಗಳ ಬೀದಿ ಅಕ್ಕಸಾಲಿ ಮನೆಯಾಕೆಗೆ ಎಲ್ಲಾ ಉಳಿದವೆ. ಅಲ್ಲಿ ಕೇಳಿದ್ದೀನಿ."

ನಮ್ಮ ಮನೆಯಲ್ಲಿ ಮಾತ್ರವಲ್ಲ. ಪಕ್ಕದ ಮನೆಯ ಹಿತ್ತಲಿನ ಹಗ್ಗದ ಮೇಲೂ ಕೆಂಪು ಕಲೆಯ ತುಂಡು ಮಸಿ ಹಿಡಿದು ನೇತಾಡುತ್ತಿತ್ತು. ಅದರಾಚೆಯವಳು ಅದರಲ್ಲೇ ಲಾಟೀನಿನ ಗಾಜು ಒರೆಸುತ್ತಿದ್ದಳು. ಮೊನ್ನೆಯವರೆಗೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವರು ಇವರೇ. ಥೂ ಇವರ ಜನ್ಮಕ್ಕೆ! ದೊಡ್ಡಮ್ಮನನ್ನು ಅಷ್ಟು ವರ್ಷ ದ್ವೇಷಿಸಿದ್ದರೂ ನನಗೆ ಅವರ ಮೇಲೆ ಇಂಥ ಅಸಹ್ಯ ಹುಟ್ಟಿರಲಿಲ್ಲ. ಅವರು ಕೊಬ್ಬಿದ್ದರೂ ಅದನ್ನು ಮುಚ್ಚಿಟ್ಟುಕೊಂಡವರಲ್ಲ. ಈ ಜನ ಅಳುತ್ತಾ ಅಳುತ್ತಲೇ ಲೆಕ್ಕ ಹಾಕಿದ್ದರು.

ದೊಡ್ಡಮ್ಮ ಮತ್ತೆ ಜಗಲಿಗೆ ಬಂದು ಕೂತರು. ಎಲೆಅಡಿಕೆ ಬಿಟ್ಟಿದ್ದರು. ತಟ್ಟೆ ಹಿಡಿದವರು ಅವರೆದುರೇ ತಲೆ ತಗ್ಗಿಸಿ ಮೇಗಳ ಬೀದಿಗೆ ನಡೆದು ಹೋಗುತ್ತಿದ್ದರು. ಅವರು ಒಬ್ಬರನ್ನೂ ಕೂಗಿ ನಿಲ್ಲಿಸಲಿಲ್ಲ.

ಒಂದು ಮಧ್ಯಾಹ್ನ, ಈ ಜನ ನೋಡಲಿ ಎಂದೇ, ನಾನು ತುಂಬಿದ ಹೊಟ್ಟೆ ಹೊತ್ತುಕೊಂಡು ಬೀದಿ ದಾಟಿದೆ. ತಟ್ಟೆ ಹಿಡಿದಿರಲಿಲ್ಲ. ಮೆಟ್ಟಿಲ ಮೇಲೂ ಕೂರಲಿಲ್ಲ, ಜಗಲಿಯ ಮೇಲೆ ಅವರ ಪಕ್ಕದಲ್ಲೇ ಕೂತೆ.

"ಕನಿಕರ ತೋರ್ಸಕ್ಕೆ ಬಂದ್ಯಾ?" ಎಂದರು.

"ಇಲ್ಲ. ಬಟ್ಟೆ ಕೇಳಕ್ಕೆ ಬಂದೆ."

"ನನ್ನ ಬಟ್ಟೆ ಬ್ಯಾಡ ಕಣೆ," ಎಂದರು. ದನಿ ಬಿದ್ದುಹೋಗಿತ್ತು. "ಒಂದು ಕಳ್ಕೊಂಡಿದ್ದೀಯ. ಇದಕ್ಕೂ ಏನಾದ್ರೂ ಆದ್ರೆ?"

ಆಗ ನನಗೆ ಗೊತ್ತಾಯಿತು. ಬೀದಿಯವರು ನಂಬಿದ್ದನ್ನೇ ಅವರೂ ನಂಬಿದ್ದರು. ತಮ್ಮ ಸೀರೆಗೆ ಈಗ ಕೆಡುಕು ತಗುಲಿದೆ ಎಂದು ನನಗಿಂತ ಹೆಚ್ಚಾಗಿ ಅವರೇ ಹೆದರಿದ್ದರು. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು.

"ನನ್ನ ಕೂಸು ಹೋದಾಗ ಅಂಗಡಿ ಬಟ್ಟೆಯಿಂದ ಹೋಯ್ತು ಅಂದ್ರಲ್ಲ ದೊಡ್ಡಮ್ಮ, ನಿಮ್ಮ ಮಗನಿಗೆ ಹುಟ್ಟಿದಾಗ ಯಾರ ಬಟ್ಟೆ ಹೊದಿಸಿದ್ರಿ?"

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. "ನಮ್ಮತ್ತೆ ಸೀರೆ," ಎಂದರು ನಿಧಾನವಾಗಿ. "ಒಂಬತ್ತು ಹೆತ್ತೋಳು. ಎಲ್ಲಾ ಬದುಕಿದ್ವು."

"ಮತ್ತೆ?"

"ಬಟ್ಟೆದೇನೂ ಇಲ್ಲ ಅಂತೀಯಾ?"

"ಏನೂ ಇಲ್ಲ ದೊಡ್ಡಮ್ಮ. ಲಾರಿಯೋನು ನೋಡ್ಕೊಂಡು ಬರಲಿಲ್ಲ, ಅಷ್ಟೆ."

ಆ ಮಾತಿಗೆ ಅವರು ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ನನ್ನ ಕೂಸಿಗೂ ಬಟ್ಟೆಯಿಂದೇನೂ ಆಗಿರಲಿಲ್ಲ ಎಂಬ ಒಂದು ಮಾತು ಈಗ ಬರುತ್ತದೆ ಎಂದು ನಾನು ಕಾದು ಕೂತೆ. ಬರಲಿಲ್ಲ. ಎದ್ದು ಒಳಗೆ ಹೋಗಿ ಒಂದು ಹಳೇ ನೂಲಿನ ಸೀರೆ ತಂದು, ಹಲ್ಲಿಗೆ ಕೊಟ್ಟು ಹರಿದರು. "ತಗಾ. ಉಣ್ಣೆ ಟೋಪಿ ಮಾತ್ರ ಹಾಕ್ಬೇಡ," ಎಂದರು.

ಮಗಳು ಹುಟ್ಟಿದಳು. ನಾನು ಅದೇ ತುಂಡಿನಲ್ಲಿ ಅವಳನ್ನು ಸುತ್ತಿದೆ. ಅತ್ತೆ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತು, ತೊಟ್ಟಿಲಿನ ಪಕ್ಕ ಕೂತು ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದರು. ಬೀದಿಯ ಹೆಂಗಸರು ನೋಡಲು ಬಂದ ನೆಪದಲ್ಲಿ ಬಟ್ಟೆ ಎತ್ತಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ನಾನು ಹೆದರಲಿಲ್ಲ ಎಂದರೆ ಸುಳ್ಳು. ಪ್ರತಿ ಸಲ ಕೂಸು ಸೀನಿದಾಗಲೂ ಜೀವ ಹಾರಿಹೋಗುತ್ತಿತ್ತು. ಅವಳು ಮಾತ್ರ ಮನೆ ಎದ್ದುಹೋಗುವ ಹಾಗೆ ಅಳುತ್ತಾ, ದುಂಡಗೆ ಬೆಳೆದಳು.

ಅವಳು ಅಂಬೆಗಾಲಿಡುವ ಹೊತ್ತಿಗೆ ಬೀದಿಯವರಿಗೆ ಮತ್ತೆ ದೊಡ್ಡಮ್ಮನ ನೆನಪಾಯಿತು. ನಾಚಿಕೆಯೆಂಬುದು ಎಲ್ಲಿತ್ತೋ. ಪಕ್ಕದ ಮನೆಯವಳೇ ಮೊದಲು ತಟ್ಟೆ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತಳು. ದೊಡ್ಡಮ್ಮ ಹಿಂದಿನ ಹಾಗೆಯೇ ಆಳಿಗೆ ಬೈದು ಮುಗಿಸಿ, ಹೊರಗೆ ಬಂದು, ಬೀದಿಗೆಲ್ಲ ಕೇಳುವ ಹಾಗೆ ಕೇಳಿದರು: "ಯಾಕಮ್ಮ, ಒಲೆ ಮೇಲಿಂದ ಪಾತ್ರೆ ಇಳಿಸಕ್ಕೆ ಬೇಕಾಗಿತ್ತಾ?"

ಅವರಿಗೆ ಎಲ್ಲವೂ ಗೊತ್ತಿತ್ತು. ಜಗಲಿಯ ಮೇಲೆ ಕೂತವರಿಗೆ ಯಾರ ಮನೆಯ ಸುದ್ದಿ ಮುಟ್ಟುವುದಿಲ್ಲ? ಅವಳು ತಟ್ಟೆ ಎತ್ತಿಕೊಂಡು ಓಡಿದಳು. ನಾನು ನಮ್ಮ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಆಮೇಲೆ ದೊಡ್ಡಮ್ಮ ಯಾರಿಗೂ ಬಟ್ಟೆ ಹರಿದುಕೊಡಲಿಲ್ಲ.

ಹಾಗೆಂದು ಅವರೇನೂ ಸಾಧುವಾಗಲಿಲ್ಲ. ನನ್ನ ಮಗಳ ಫ್ರಾಕು, ಅವಳ ಬೂಟು, ನಾನು ಹಾಕಿಸಿದ ಸೂಜಿಮದ್ದು, ಒಂದನ್ನೂ ಆಡಿಕೊಳ್ಳದೆ ಬಿಡಲಿಲ್ಲ. ನಾನೂ ತಿರುಗಿಸಿ ಕೊಟ್ಟೆ. ಆದರೆ ಮಗಳು ಅವರ ಜಗಲಿ ಹತ್ತಿ ಕುಣಿಯುವಾಗೆಲ್ಲ, ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬಟ್ಟೆದೇನೂ ಇಲ್ಲ, ಅಲ್ವೇನೆ?" "ಏನೂ ಇಲ್ಲ ದೊಡ್ಡಮ್ಮ," ಎಂದು ನಾನು ಹೇಳಬೇಕು. ತಮ್ಮ ಮಗನ ಲೆಕ್ಕದ ಸಮಾಧಾನವನ್ನು ನನ್ನ ಬಾಯಿಂದ ಇಸ್ಕೊಂಡು ಹೋಗುವುದು, ನನ್ನ ಕೂಸಿನ ಲೆಕ್ಕದ್ದನ್ನು ಕೊಡದೇ ಇರುವುದು. ಎಂಥ ಹೆಂಗಸು ಇವರು ಎಂದು ಪ್ರತಿ ಸಲವೂ ಹಲ್ಲು ಕಡಿದುಕೊಂಡಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಅವರು ಹಾಸಿಗೆ ಹಿಡಿದರು. ಮಗಳಿಗೆ ಆಗ ಶಾಲೆಗೆ ಹೋಗುವ ವಯಸ್ಸು. ಅವಳನ್ನು ಕರೆದುಕೊಂಡು ನೋಡಲು ಹೋದೆ. ಮೈ ಇಷ್ಟೇ ಇಷ್ಟಾಗಿತ್ತು, ಬಾಯಲ್ಲಿ ಹಲ್ಲುಗಳೇ ಉಳಿದಿರಲಿಲ್ಲ. ಮಗಳ ಕೈ ಹಿಡಿದುಕೊಂಡರು. ಮಾಮೂಲಿ ಪ್ರಶ್ನೆ ಬರುತ್ತದೆಂದು ನಾನು ಉತ್ತರ ಸಿದ್ಧ ಮಾಡಿಕೊಂಡು ನಿಂತಿದ್ದೆ.

"ನಿಂದೂ ಅಷ್ಟೆ ಕಣೆ," ಎಂದರು ದೊಡ್ಡಮ್ಮ. "ಆ ಮೊದಲ್ನೇದು. ಅಂಗ್ಡಿ ಬಟ್ಟೆದೇನೂ ಇರ್ಲಿಲ್ಲ."

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ಬೈಯಬೇಕೆನಿಸಿತು. ಬೈಯದೆ, ಅವರ ಹೊದಿಕೆ ಸರಿಮಾಡಿ ಮಗಳನ್ನು ಕರೆದುಕೊಂಡು ಮನೆಗೆ ಬಂದೆ. ಅದೇ ವಾರ ಅವರು ಹೋದರು.

ಮಣ್ಣು ಮುಗಿಸಿ ಎಲ್ಲರೂ ಬಂದ ಮೇಲೆ ನಾನು ತಲೆಗೆ ಸ್ನಾನ ಮಾಡಿ ಆ ಟ್ರಂಕು ತೆಗೆದೆ. ಗುಲಾಬಿ ಡಬ್ಬಿಯ ಪೌಡರು ಗಟ್ಟಿಯಾಗಿತ್ತು, ರಬ್ಬರ್ ಶೀಟು ಮಡಿಕೆಗೆ ಅಂಟಿಕೊಂಡಿತ್ತು. ಜುಬ್ಬಗಳನ್ನು ಒಂದೊಂದಾಗಿ ಬಿಡಿಸಿ, ನೀರಿಗೆ ಹಾಕಿ ಒಗೆದು, ಮನೆಯ ಮುಂದೆ ಹಗ್ಗ ಕಟ್ಟಿ ಬೀದಿಯವರಿಗೆಲ್ಲ ಕಾಣುವ ಹಾಗೆ ಒಣಹಾಕಿದೆ. ಉಣ್ಣೆಯ ಟೋಪಿಯನ್ನು ಮಾತ್ರ ಬಿಸಾಕಿದೆ. ಆ ವಿಷಯದಲ್ಲಿ ದೊಡ್ಡಮ್ಮ ಹೇಳಿದ್ದೇ ಸರಿ.