ಬಾಗಿಲ ಹಿಂದಿನ ಎಲೆ

ಒಳ್ಳೆಯ ಪುಸ್ತಕ ಓದಿ, ಆಮೇಲೆ ಅದರ ಸಿನಿಮಾ ನೋಡಲು ಓಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ದೆವ್ವದ ಕಾದಂಬರಿಯಾದರೆ ಇನ್ನೂ ಹೆಚ್ಚು. ಓದುವಾಗ ಕಿರುಗುಟ್ಟುವುದು ನಮ್ಮ ಮನೆಯದೇ ಬಾಗಿಲು. ಸಿನಿಮಾದ ಬಾಗಿಲು ಯಾರೋ ಮಾಡಿ ಬಣ್ಣ ಹೊಡೆದದ್ದು. ನಾನು ಹೀಗೆಂದಾಗಲೆಲ್ಲ ಅಕ್ಕ ನಗುತ್ತಿದ್ದಳು. "ನಿನ್ನ ಭಾಷಣ ಸುರು ಆಯ್ತಾ ಮಾರಾಯ್ತಿ?"

ಆಲಂಕಾರಿಗೆ ಮದುವೆಯಾಗಿ ಹೋದ ಅಕ್ಕನಿಗೆ ಓದುವ ಚಟವೇ ಇರಲಿಲ್ಲ. ಏಳನೇ ಕ್ಲಾಸಿನಲ್ಲಿದ್ದ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ, ಸುಳ್ಯದ ನನ್ನ ಮನೆಗೆ ಬಂದಾಗಲೆಲ್ಲ ಕಪಾಟಿನಿಂದ ದೆವ್ವದ ಕಾದಂಬರಿಗಳನ್ನೇ ಹುಡುಕಿ ಒಯ್ಯತೊಡಗಿದಳು. ಈಗ ಇಂಥದ್ದೆಲ್ಲ ಎಂತಕ್ಕೆ ಎಂದು ಗದರಿದೆ.

"ಇದರಲ್ಲಿ ಸತ್ತವರು ವಾಪಸು ಬರುದು ಉಂಟಲ್ಲ," ಎಂದಳು.

ಒಂದು ಕಾದಂಬರಿಯನ್ನು ಅವಳು ಹಿಂದೆ ಕೊಡಲೇ ಇಲ್ಲ. ಅದರಲ್ಲಿ ಒಬ್ಬ ತಾಯಿ, ನಾವು ಮಾಡುವ ಹಾಗೆಯೇ, ಸತ್ತ ಮಗಳಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸುತ್ತಾಳೆ. ಹೋದವರಿಗೆ ಇಷ್ಟವಾದದ್ದನ್ನು ಅಡುಗೆ ಮಾಡಿ, ಒಳಕೋಣೆಯಲ್ಲಿ ಎಲೆಗೆ ಬಡಿಸಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕ್ರಮ. ಅವರು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಆಮೇಲೆ ತೆಗೆಯಬೇಕು. ಕಾದಂಬರಿಯ ತಾಯಿಗೆ ಒಳಗಿನಿಂದ ಬಳೆಯ ಸದ್ದು ಕೇಳುತ್ತದೆ. ಅವಳು ತಟ್ಟುವುದೇ ಇಲ್ಲ. ಬಾಗಿಲು ಮುಚ್ಚಿದ್ದಂತೆಯೇ ಕತೆ ಮುಗಿಯುತ್ತದೆ. ನನಗೆ ಮೈ ಜುಮ್ಮೆಂದಿತ್ತು. ಅಕ್ಕ ಸಂತೋಷಕ್ಕೆ ಅತ್ತಿದ್ದಳು. ಆ ಬಾಗಿಲ ಹಿಂದೆ ಊಟಕ್ಕೆ ಕೂತವಳು ಎರಡು ಜಡೆಯ ತನ್ನ ಮಗಳೇ ಎಂದು ಅವಳಿಗೆ ಖಾತ್ರಿಯಿತ್ತು.

ಆ ವರ್ಷದ ಆಟಿಯಲ್ಲಿ ಬಡಿಸಿದಾಗ, ಬಾಗಿಲು ತೆಗೆದದ್ದೇ ತಡ, ಅಕ್ಕ ಎಲೆಯ ಮುಂದೆ ಕೂತು ನನ್ನ ಮುಖ ನೋಡಿದಳು. "ಉಂಡಳಾ?"

"ಕೋಳಿ ಸಾರು ಸ್ವಲ್ಪ ಕಡಿಮೆ ಆದ ಹಾಗೆ ಉಂಟು," ಎಂದೆ. ಅವತ್ತು ಅವಳೂ ಹೊಟ್ಟೆ ತುಂಬ ಉಂಡಳು.

ಮುಂದೆ ಆ ಕಾದಂಬರಿ ಸಿನಿಮಾ ಆಗಿ ಪುತ್ತೂರಿಗೆ ಬಂತು. ನಾನು ಬೇಡವೆಂದೆ. ಅಕ್ಕ ಕೇಳಲಿಲ್ಲ. "ಸಿನಿಮಾದಲ್ಲಿ ಬಾಗಿಲು ತೆಗೀತಾರಂತೆ. ನನಗೆ ಒಮ್ಮೆ ನೋಡ್ಬೇಕು."

ತೆಗೆದರು. ಎಲೆಯ ಮುಂದೆ ಬೆನ್ನು ಹಾಕಿ ಹುಡುಗಿಯೊಬ್ಬಳು ಕೂತಿದ್ದಳು. ಅಕ್ಕ ಸೀಟಿನ ತುದಿಗೆ ಬಂದಳು. ಹುಡುಗಿ ತಿರುಗಿದಳು: ಕಣ್ಣಿರಲಿಲ್ಲ, ಬಾಯಿ ಕಿವಿಯವರೆಗೆ ಹರಿದಿತ್ತು, ಕೈಯ ತುತ್ತಿನಲ್ಲಿ ಹುಳ. ಜನ ಕಿರುಚಿದರು, ಆಮೇಲೆ ಕಿರುಚಿದ್ದಕ್ಕೆ ತಾವೇ ನಕ್ಕರು. ಹಿಂದಿನಿಂದ ಯಾರೋ ಸೀಟಿ ಹೊಡೆದರು. ಅಕ್ಕ ಸೀಟಿನ ತುದಿಯಿಂದ ಹಿಂದೆ ಸರಿದಳು.

ಆಲಂಕಾರಿನ ಬಸ್ಸಿನಲ್ಲಿ ನಾನು ಸಿನಿಮಾ ಮಾಡಿದವರ ಜನ್ಮ ಜಾಲಾಡಿದೆ. ಪುಸ್ತಕದಲ್ಲಿ ಇಲ್ಲದ ಹುಳ ಎಲ್ಲಿಂದ ಬಂತು, ಮುಚ್ಚಿದ ಬಾಗಿಲನ್ನು ತೆಗೆಯಲು ಇವರು ಯಾರು ಎಂದೆಲ್ಲ ಕೂಗಾಡಿದೆ. ಅಕ್ಕ ಹೇಳಿದ್ದು ಒಂದೇ ಮಾತು. "ಅವಳಿಗೂ ಎರಡು ಜಡೆ ಇತ್ತಲ್ಲ."

ಮತ್ತೆ ಆಟಿ ಬಂತು. ಅಕ್ಕ ಎಂದಿನಂತೆ ಒತ್ತುಶಾವಿಗೆ, ಕೋಳಿ ಸಾರು ಮಾಡಿ ಬಡಿಸಿದಳು, ಬಾಗಿಲು ಹಾಕಿದೆವು. ತೆಗೆಯುವ ಹೊತ್ತಾಯಿತು. ತಟ್ಟಲು ಎತ್ತಿದ ಕೈಯನ್ನು ಅವಳು ಕೆಳಗಿಳಿಸಿದಳು.

"ನೀನೇ ತೆಗಿ ಮಾರಾಯ್ತಿ."

ತಟ್ಟಿ ತೆಗೆದೆ. ದೀಪ ಉರಿಯುತ್ತಿತ್ತು. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಸಾರು ಕಡಿಮೆಯಾಗಿದೆ ಎಂದು ಈ ಸಲವೂ ಹೇಳೋಣವೆಂದು ತಿರುಗಿದರೆ ಬಾಗಿಲಲ್ಲಿ ಅಕ್ಕನಿಲ್ಲ. ಅಂಗಳದ ಆಚೆ ತುದಿಯಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಲ್ಲಿಂದಲೇ ಮೆಲ್ಲಗೆ ಕೇಳಿದಳು.

"ಹೋದಳಾ?"