ಮುಚ್ಚಳದ ಪ್ಯಾಕಿಂಗ್ ಮತ್ತು ಎರಡನೇ ಜ್ವರ

ನಾನು ಮದುವೆಯಾಗಿ ಬಂದ ಮನೆಯಲ್ಲಿ ಹುಳ ಇರುವಷ್ಟು ದಿನ ಒಗ್ಗರಣೆ ಹಾಕುತ್ತಿರಲಿಲ್ಲ. ಸಾಸಿವೆ ಸಿಡಿದರೆ, ಮೆಣಸಿನಕಾಯಿ ಘಾಟೆದ್ದರೆ ರೇಷ್ಮೆ ಹುಳ ಸೊಪ್ಪು ಮುಟ್ಟುವುದಿಲ್ಲ ಎಂದು ಅತ್ತೆಯ ನಂಬಿಕೆ. ಬೀಡಿ ಸೇದಿದವರು ಹುಳದ ಮನೆಯ ಹತ್ತಿರ ಸುಳಿಯುವಂತಿಲ್ಲ, ತಲೆಗೆ ಎಣ್ಣೆ ಹಚ್ಚಿಕೊಂಡವರು ಒಳಗೆ ಕಾಲಿಡುವಂತಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಅಂಥ ಮನೆಗೆ ನಾನು, ಎಣ್ಣೆ ಸುಟ್ಟ ಹೊಗೆ ಉಗುಳುವ ಒಂದು ಹಳೇ ಕಾರಿನ ಸಮೇತ ಬಂದಿಳಿದಿದ್ದೆ.

ಕಾರು ಅಪ್ಪನದು. ಚನ್ನಪಟ್ಟಣದಲ್ಲಿ ಅದನ್ನು ಬಾಡಿಗೆಗೆ ಓಡಿಸಿಯೇ ನಮ್ಮನ್ನೆಲ್ಲ ಸಾಕಿದ್ದರು. ಕಣ್ಣು ಮಂಜಾಗಿ ಸ್ಟಿಯರಿಂಗ್ ಬಿಟ್ಟಾಗ ಅದನ್ನು ಅಳಿಯನಿಗೆ ಕೊಟ್ಟರು. ರೇಷ್ಮೆ ಕೈಹಿಡಿದಿದ್ದ ಕಾಲ ಅದು. ಮರಳವಾಡಿ ಸುತ್ತಮುತ್ತ ಹಿಪ್ಪುನೇರಳೆ ಹಾಕಿದವರ ಮನೆ ಮುಂದೆ ಏನಾದರೊಂದು ಗಾಡಿ ನಿಲ್ಲಲೇಬೇಕಿತ್ತು. ಬಸ್ಸಿನ ಟಾಪ್ ಮೇಲೆ ಗೂಡಿನ ಮೂಟೆ ಹಾಕಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವವರನ್ನು ಜನ ಅಯ್ಯೋ ಪಾಪ ಎನ್ನುವಂತೆ ನೋಡುತ್ತಿದ್ದರು. ಆ ದುಂಡು ಮೂತಿಯ ಕಾರು ಕಂಡು ನನ್ನ ಗಂಡ ಹಿಗ್ಗಿ ಹೀರೇಕಾಯಿಯಾದರು. ನನಗೆ ಮಾತ್ರ ಎದೆಯೊಳಗೆ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

ಕಾರಣ ಇಷ್ಟೇ. ಇಂಜಿನ್ನಿಗೆ ಆಯಿಲ್ ಸುರಿಯುವ ಬಾಯಿಗೆ ಒಂದು ಮುಚ್ಚಳವಿರುತ್ತದಲ್ಲ, ಅದರ ಒಳಗಿನ ಉಂಗುರ, ಮೆಕ್ಯಾನಿಕ್‌ಗಳು ಪ್ಯಾಕಿಂಗ್ ಅನ್ನುವುದು, ಸವೆದುಹೋಗಿತ್ತು. ಕಾದ ಆಯಿಲ್ ಅಲ್ಲಿಂದ ಚಿಮ್ಮಿ ಕೆಳಗಿನ ಬಿಸಿ ಪೈಪಿನ ಮೇಲೆ ಬಿದ್ದು ಸುಟ್ಟು, ಆ ಹೊಗೆ ಪೆಡಲ್ ಪಕ್ಕದ ತೂತಿನಿಂದ ಒಳಕ್ಕೆ ನುಗ್ಗುತ್ತಿತ್ತು. ಬಾಡಿಗೆಗೆ ಬಂದವರು ಕೆಮ್ಮಿ ಸುಮ್ಮನಾಗುತ್ತಿದ್ದರು. ಹುಳ ಕೆಮ್ಮುವುದಿಲ್ಲ, ಸತ್ತೇ ಹೋಗುತ್ತದೆ. ನಾನು ಬಂದ ಮೇಲಿನ ಮೊದಲ ಬೆಳೆಗೆ ಚಾಕಿ ಹುಳ, ಅಂದರೆ ಸಾಕಿ ಕೊಡುವ ಮರಿ ಹುಳ, ಕನಕಪುರದಿಂದ ಇದೇ ಕಾರಿನಲ್ಲಿ ಬರಬೇಕಿತ್ತು. ಬೆಳೆ ಕೆಟ್ಟರೆ ಯಾರ ತಲೆಗೆ ಬರುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ ಸೊಸೆ, ತವರಿನ ಕಾರು, ಸತ್ತ ಹುಳ. ಕಾಲ್ಗುಣ ಎಂಬ ಒಂದು ಮಾತು ಎದ್ದರೆ ಮುಗಿಯಿತು. ಅಂಥ ಮಾತು ಹೊತ್ತು ತವರಿಗೆ ವಾಪಸಾದವಳೊಬ್ಬಳು ಚನ್ನಪಟ್ಟಣದ ನಮ್ಮ ಬೀದಿಯಲ್ಲೇ ಇದ್ದಳು. ಅವಳು ತಲೆ ತಗ್ಗಿಸಿ ನೀರಿಗೆ ಹೋಗುವುದನ್ನು ನೋಡುತ್ತಲೇ ಬೆಳೆದವಳು ನಾನು.

ನನ್ನ ಗಂಡ ಮೊದಲು ಸೈಕಲ್ ಟ್ಯೂಬ್ ಕತ್ತರಿಸಿ ಉಂಗುರ ಮಾಡಿ ಹಾಕಿದರು. ಹಾರೋಹಳ್ಳಿ ಮುಟ್ಟುವಷ್ಟರಲ್ಲಿ ಅದು ಆಯಿಲ್ ಕುಡಿದು, ನೆನೆದ ಹಪ್ಪಳದ ಹಾಗೆ ಸೊಟ್ಟಗಾಗಿ ಹೊರಗೆ ಇಣುಕುತ್ತಿತ್ತು. ಆಮೇಲೆ ಇಬ್ಬರೂ ರಾಮನಗರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು. ಇವರು ಗತ್ತಿನಿಂದ "ಆಯಿಲ್ ಸೀಲ್ ಕೊಡಿ" ಅಂದರು. ಅಂಗಡಿಯವನು ಇಂಜಿನ್ನಿನ ಹೊಟ್ಟೆಯೊಳಗೆ ಕೂರುವ ದೊಡ್ಡ ಸೀಲ್ ತಂದಿಟ್ಟ. "ಅದಲ್ಲ ಕಣಣ್ಣ, ಮುಚ್ಚಳದ ಪ್ಯಾಕಿಂಗು" ಎಂದು ನಾನು ಬಾಯಿ ಹಾಕಬೇಕಾಯಿತು. ಆತ ಒಂದು ಕಾರ್ಕಿನದು, ಒಂದು ಕಪ್ಪು ರಬ್ಬರಿನದು ಮುಂದಿಟ್ಟು, "ಎರಡೂ ಒರಿಜಿನಲ್ಲೇ ಕಣಮ್ಮ, ಕಾರು ಹೋದ್ರೂ ಇದು ಹೋಗಾಕಿಲ್ಲ" ಅಂದ. ಎರಡನ್ನೂ ಕೊಂಡೆವು.

ಅಪ್ಪ ಹೇಳುತ್ತಿದ್ದುದು ನೆನಪಿತ್ತು: "ಅಂಗಡಿಯೋನ್ನ ಕೇಳ್ಬ್ಯಾಡ ಕಣವ್ವ, ಆಯಿಲ್‌ನ ಕೇಳು." ಒಂದು ತೆಂಗಿನ ಚಿಪ್ಪಿಗೆ ಇಂಜಿನ್ ಆಯಿಲ್ ಸುರಿದು ಎರಡನ್ನೂ ನೆನೆಹಾಕಿದೆ. ಮನೆಯೊಳಗೆ ಇಡುವ ಧೈರ್ಯ ಎಲ್ಲಿಂದ ಬರಬೇಕು, ದನದ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದೆ. ಮೂರ್ನಾಲ್ಕು ದಿನ ಸಗಣಿ ಬಾಚುವ ನೆಪದಲ್ಲಿ ಹೋಗಿ ಹೋಗಿ ನೋಡುತ್ತಿದ್ದೆ. ಒರಿಜಿನಲ್ ಅನ್ನಿಸಿಕೊಂಡ ರಬ್ಬರ್ ಊದಿಕೊಂಡು ಮೆತ್ತಗಾಯಿತು. ಕಾರ್ಕ್ ಮಾತ್ರ ಇದ್ದ ಹಾಗೇ ಇತ್ತು. ಒಣಗಿದರೆ ಬಿರಿಯುತ್ತದೆ ಅನ್ನುವುದೊಂದೇ ಅದರ ದೋಷ, ಆಯಿಲ್ ತಾಗುವ ಜಾಗದಲ್ಲಿ ಅದಾದರೂ ಯಾಕೆ ಒಣಗುತ್ತದೆ ಅಂದುಕೊಂಡೆ. ಅದನ್ನೇ ಹಾಕಿ, ಮಾಗಡಿಯ ನಾದಿನಿ ಮನೆಗೆ ಹೋಗಿ ಬಂದೆವು. ಒಂದೆಳೆ ಹೊಗೆ ಬರಲಿಲ್ಲ. ಆ ದಿನ ಹೊಟ್ಟೆ ತುಂಬ ಉಂಡೆ.

ಚಾಕಿ ತರುವ ಹಿಂದಿನ ದಿನ ಅತ್ತೆ, ಹುಳ ಕೂರುವ ಜಾಗ ಎಂದು, ಕಾರಿನ ಒಳಗೆಲ್ಲ ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಒರೆಸಿದರು. ರೋಗ ತಾಗಬಾರದೆಂದು ಹುಳದ ಮನೆಯ ತಟ್ಟೆ, ಗೋಡೆ ಎಲ್ಲವನ್ನೂ ಹಾಗೆ ತೊಳೆಯುವುದು ರೂಢಿ. ನಾನು ಸೊಪ್ಪು ಬಿಡಿಸಲು ತೋಟಕ್ಕೆ ಹೋದೆ.

ಬೆಳಗಿನ ತಂಪಿನಲ್ಲೇ ಕನಕಪುರದಿಂದ ಹೊರಟೆವು. ಹಿಂದಿನ ಸೀಟಿನ ಮೇಲೆ ತಟ್ಟೆಗಳು, ಮೇಲೆ ಪೇಪರ್. ಹುಳ ಎರಡನೇ ಜ್ವರದಲ್ಲಿದ್ದವು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅವು ಸೊಪ್ಪು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತವೆ. ಸಾಗಿಸಲು ಅದೇ ಸರಿಯಾದ ಸಮಯ. ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ಮೂಗಿಗೆ ಬಡಿಯಿತು. ಮೊದಲು ಭ್ರಮೆ ಅಂದುಕೊಂಡೆ. ಆಮೇಲೆ ಪೆಡಲ್ ಹತ್ತಿರ ನೀಲಿ ಹೊಗೆ ಕಂಡಿತು.

"ನಿಲ್ಸಿ, ನಿಲ್ಸಿ!" ಎಂದು ಕಿರುಚಿದೆ. ತಟ್ಟೆಗಳನ್ನು ಒಂದೊಂದಾಗಿ ಇಳಿಸಿ ಹೊಂಗೆ ಮರದ ಕೆಳಗೆ, ಗಾಳಿ ಬರುವ ಕಡೆ ಇಟ್ಟೆವು. ಬಾನೆಟ್ ಎತ್ತಿದರೆ, ನಾನು ಆರಿಸಿ ಹಾಕಿದ್ದ ಕಾರ್ಕ್ ಬೆಳ್ಳಗೆ ಬಿಳುಚಿಕೊಂಡು ಎರಡು ಕಡೆ ಬಿರುಕು ಬಿಟ್ಟಿತ್ತು. ಅದು ಯಾಕೆ ಹಾಗಾಯಿತೆಂದು ತಲೆಬುಡ ತಿಳಿಯಲಿಲ್ಲ. ಬೇಡವೆಂದು ಡ್ಯಾಶ್‌ಬೋರ್ಡಿನಲ್ಲಿ ಬಿಸಾಕಿದ್ದ ಊದಿದ ರಬ್ಬರನ್ನೇ ಅದುಮಿ ಕೂರಿಸಿ, ಎಲ್ಲ ಕಿಟಕಿ ಇಳಿಸಿ, ಎತ್ತಿನಗಾಡಿಯ ವೇಗದಲ್ಲಿ ಊರು ಸೇರಿದೆವು. ದಾರಿಯುದ್ದಕ್ಕೂ ನಾನು ಹಿಂದೆ ತಿರುಗಿ ಪೇಪರ್ ಎತ್ತಿ ನೋಡುತ್ತಿದ್ದೆ. ನೋಡಿ ಪ್ರಯೋಜನವೇನು? ಜ್ವರದಲ್ಲಿರುವ ಹುಳ ಬದುಕಿದೆಯೋ ಸತ್ತಿದೆಯೋ, ಎದ್ದಾಗಲೇ ಗೊತ್ತಾಗುವುದು.

ಅತ್ತೆ ತಟ್ಟೆ ಮೂಸಿದರು. ನನ್ನ ಸೆರಗು ಮೂಸಿದರು. ನಾನು ಮುಷ್ಟಿಯಲ್ಲಿ ಹಿಡಿದೇ ಇದ್ದ ಕಾರ್ಕಿನ ಚೂರನ್ನು ಅವರೇ ಬಿಡಿಸಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಹಾಗೇ ಜಗುಲಿಯ ಮೇಲೆ ಕುಸಿದರು.

"ಬ್ಲೀಚಿಂಗ್ ವಾಸ್ನೆ ಕಣವ್ವ ಇದು. ನಾನೇ ತೊಳ್ದಿದ್ದು. ಬಾನೆಟ್ ಎತ್ತಿ ನೋಡ್ದೆ, ಜಿಡ್ಡು ಜಿಡ್ಡಾಗಿತ್ತು ಅಂತ ಮುಚ್ಚಳ ಬಿಚ್ಚಿ ಆ ನೀರ್ಗೆ ಅದ್ದಿ, ಬಂಡೆ ಮ್ಯಾಲೆ ಬಿಸ್ಲಿಗೆ ಒಣಾಕ್ಬುಟ್ಟೆ."

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.

"ನಾನು ಈ ಮನೆಗ್ ಬಂದ್ ವರ್ಸ ಹುಳೆಲ್ಲಾ ಸುಣ್ಣಕಟ್ಟು ರೋಗ ಬಂದು ಹೋದ್ವು" ಅಂದರು ಅತ್ತೆ. "ನಮ್ಮತ್ತೆ ಸಾಯೋಗಂಟ ನನ್ ಕಾಲ್ಗುಣನೇ ಆಡಿದ್ರು. ನಿಂಗೂ ಅಂಗಾಗ್ಬಾರ್ದು ಅಂತ ಒಂದೂ ಬುಡ್ದಂಗೆ ತೊಳ್ದೆ. ನಾಳೀಕೆ ಇವು ಏಳ್ದಿದ್ರೆ, ತೊಳ್ದು ಕೆಡಿಸ್ದೋಳು ನಾನು ಅಂತ ಊರಿಗೆಲ್ಲಾ ನಾನೇ ಯೋಳ್ತೀನಿ. ನಿನ್ ಕಾಲಿನ್ ಮಾತು ಯಾರೂ ಎತ್ತಾಕಿಲ್ಲ."

ನಾನು ಅತ್ತುಬಿಟ್ಟೆ. ಅಷ್ಟು ದಿನ ನಾನು ಹೆದರಿದ್ದು ಈ ಹೆಂಗಸಿಗೆ, ಅವರು ಹೆದರಿದ್ದು ನನ್ನ ಸಲುವಾಗಿ. ಆದರೂ ಭಯ ಹೋಗಲಿಲ್ಲ. ಈಗ ಹುಳ ಸತ್ತರೆ ಊರಿನ ಮಾತು ಅವರ ತಲೆಗೆ ಇನ್ನೊಂದು ಸಲ ಬರುವುದಿತ್ತು.

ಮಾರನೆಯ ದಿನ ಹೊತ್ತೇರಿದ ಮೇಲೆ ಎಳೆ ಸೊಪ್ಪು ಹೆಚ್ಚಿಕೊಂಡು ಇಬ್ಬರೂ ಹುಳದ ಮನೆಗೆ ಹೋದೆವು. ಅತ್ತೆ ಹಾಕಿದ ಸೊಪ್ಪಿನಲ್ಲಿ ಅರ್ಧ ತಟ್ಟೆಯಾಚೆ ನೆಲಕ್ಕೇ ಬಿತ್ತು. ಉದುರಿಸಿ ಮುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನನ್ನ ರಟ್ಟೆ ಹಿಡಿದರು.

"ನೀನೇ ನೋಡವ್ವ. ನನ್ ಕೈಲಾಗಾಕಿಲ್ಲ."

ಬಗ್ಗಿ ನೋಡಿದೆ. ಒಂದು ಹುಳ ಸೊಪ್ಪಿನ ಅಂಚಿಗೆ ಬಾಯಿ ಹಾಕಿತು. ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತಷ್ಟು.

"ಎದ್ದವೆ ಅತ್ತೆಮ್ಮ. ತಿಂತಾವೆ."

ಅತ್ತೆ ಕಣ್ಣು ಬಿಡಲಿಲ್ಲ. ನನ್ನ ರಟ್ಟೆಯನ್ನೂ ಬಿಡಲಿಲ್ಲ.

"ಇನ್ನೊಂದ್ ಕಿತ ನೋಡು" ಅಂದರು.