ತಕ್ಕಡಿಗೂ ಹಾರ, ಸಾಹುಕಾರರಿಗೂ ಹಾರ

ನಮ್ಮ ಮಿಲ್ಲಿನ ಸಾಹುಕಾರರು ಇವತ್ತು ಮಧ್ಯಾಹ್ನದಿಂದ ಬದುಕಿದ್ದಾರೆ. ಮೊಬೈಲಿನಲ್ಲಿ ಅವರ ಹೆಸರಿನ ಮುಂದೆ ಬರೆದಿದ್ದ ಸಾವಿನ ವರ್ಷವನ್ನು ತೆಗೆದುಹಾಕಿದ್ದಾರೆ. ತೆಗೆಸಿದವಳು ನನ್ನ ಮೊಮ್ಮಗಳು. ಈ ಕೆಲಸದಿಂದ ಅವಳ ನೌಕರಿಯೂ ಕಾಯಂ ಆಯಿತು. ಎರಡು ಸುದ್ದಿ ಒಂದೇ ದಿನ ಬಂದರೆ ಮುದುಕಿ ಏನು ಮಾಡಬೇಕು? ಒಳಗೂ ಹೊರಗೂ ತಿರುಗಿದೆ, ಓಣಿಯವರಿಗೆಲ್ಲ ಹೇಳಿ ಬಂದೆ, ಮತ್ತೆ ಅಡಿಗೆಮನೆಗೆ ಹೋದೆ. ಸೊಸೆ ಲಟ್ಟಣಿಗೆ ಕೆಳಗಿಟ್ಟು, "ಅತ್ತೀ, ಕಾಲಾಗ ಸಿಗಬ್ಯಾಡ್ರಿ. ಒಂದು ಕಡೆ ಕುಂತು ಆ ಸಾವ್ಕಾರ್ರ ಬಗ್ಗೆ ಏನಾರ ಬರೀರಿ" ಎಂದು ಪೆನ್ನು ಕೊಟ್ಟಳು. ಹಾಗಾಗಿ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆ ಓದಿದ ಕೈ, ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ.

ಸಾಹುಕಾರರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಹುಬ್ಬು. ತೌಡಿನ ಪುಡಿ ಕೂತು ಎರಡು ಹುಬ್ಬೂ ಯಾವಾಗಲೂ ಬೆಳ್ಳಗೆ. ತಲೆಗೂದಲು ಕಪ್ಪಗೆ ಮಿಂಚುತ್ತಿದ್ದ ಕಾಲದಲ್ಲೂ ಹುಬ್ಬು ಮಾತ್ರ ಮುದುಕನದು. ಹುಬ್ಬು ನಿಜವಾಗಿ ಯಾವಾಗ ನರೆಯಿತೋ ನಮಗೆ ಯಾರಿಗೂ ಗೊತ್ತಾಗಲೇ ಇಲ್ಲ.

ಅವರದು ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು. ನಾನು ಲಗ್ನವಾಗಿ ಬಂದಾಗಿನಿಂದ ಮಂಡಿ ಸೋಲುವವರೆಗೂ ಅಲ್ಲೇ ದುಡಿದವಳು. ಅಂಗಳದಲ್ಲಿ ಭತ್ತ ಹರವುವುದು, ಕಾಲಿನಿಂದ ಕೆದರುವುದು, ನುಚ್ಚು ಕೇರುವುದು. ಮಂಡಿ ಸೋತ ಮೇಲೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ಮಗನ ಮನೆಗೆ ಬಂದೆ. ಅವನು ಆಟೋ ಓಡಿಸುತ್ತಾನೆ.

ಸಾಹುಕಾರರು ಗಾದಿ ಮೇಲೆ ಕೂತು ದುಡ್ಡು ಮಾಡಿದವರಲ್ಲ. ಯಂತ್ರದಿಂದ ಬೀಳುವ ಅಕ್ಕಿಯ ಕೆಳಗೆ ಅಂಗೈ ಒಡ್ಡಿ, ಕಾಳನ್ನು ಮುಂದಿನ ಹಲ್ಲಿಗಿಟ್ಟು 'ಕಟ್' ಎಂದು ಕಡಿಯುತ್ತಿದ್ದರು. ಆ ಸದ್ದಿನ ಮೇಲೆಯೇ ಹಸಿ ಇದೆ, ಒಣಗಿದೆ ಎಂದು ಹೇಳಿಬಿಡುತ್ತಿದ್ದರು. ಅಷ್ಟು ಗದ್ದಲದಲ್ಲಿ ನಿಮಗೆ ಹೇಗೆ ಕೇಳುತ್ತದೆ ಎಂದು ಒಮ್ಮೆ ಕೇಳಿದ್ದೆ. "ಕಿವಿಲೆ ಅಲ್ಲ ತಂಗೀ, ಹಲ್ಲಿಲೆ ಕೇಳ್ತೀನಿ" ಎಂದಿದ್ದರು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಮ್ಮ ಜೊತೆಯೇ ತೌಡಿನ ಚೀಲದ ಮೇಲೆ ಕೂರುತ್ತಿದ್ದರು. ಒಂದು ದಿನ ಪೇಪರನ್ನು ನನ್ನ ಮುಂದಕ್ಕೆ ಹಾಕಿ, "ನನಗ ಸಣ್ಣಕ್ಷರ ಕಾಣಂಗಿಲ್ಲ. ನೀ ಸಾಲಿಗೆ ಹೋದಾಕಿ, ಓದು" ಎಂದರು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುವಾಗ ಹೆಂಗಸರೆಲ್ಲ ನಕ್ಕರು. ಅವರು ನಗಲಿಲ್ಲ. "ನಿಧಾನಕ್ಕ ಓದು. ಸುದ್ದಿ ಎಲ್ಲಿ ಓಡಿಹೋಗ್ತೈತಿ?" ಎಂದರು. ಅವತ್ತಿನಿಂದ ನಾನು ಮಿಲ್ಲು ಬಿಡುವವರೆಗೆ ಪೇಪರ್ ಓದುವ ಕೆಲಸ ನನ್ನದೇ ಆಯಿತು. ಇವತ್ತು ಈ ಪೆನ್ನು ನಡೆಯುತ್ತಿರುವುದು ಆ ತೌಡಿನ ಚೀಲದ ಮೇಲೆ ಕಲಿತ ಓದಿನಿಂದ.

ಅವರ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತಿತ್ತು: "ಮೊದಲ ಹೇಳಿಬಿಡಬೇಕು." ಒಮ್ಮೆ ಸಂಡೂರಿನ ಗಣಿ ಕಡೆಯ ಮೆಸ್ಸಿನವರು ಅಕ್ಕಿ ನೋಡಲು ಬಂದಿದ್ದರು. ದಲಾಲಿ ಚೀಲ ಬಿಚ್ಚುವುದರೊಳಗೆ ಸಾಹುಕಾರರು, "ಇದರಾಗ ಹೊಸ ಅಕ್ಕಿ ಬೆರಸೀವಿ. ಅನ್ನ ಮುದ್ದಿ ಆಗ್ತೈತಿ. ನಡಿತೈತಿ ಅಂದ್ರ ತಗೋರಿ" ಎಂದುಬಿಟ್ಟರು. ಮೆಸ್ಸಿನವರು ಎದ್ದು ಹೋದರು. ದಲಾಲಿ ಹಣೆ ಬಡಿದುಕೊಂಡ.

"ಅವರು ಕೇಳಿದ್ರೇನ್ರಿ ಸಾವ್ಕಾರ್ರ? ಕೇಳಿದ ಮ್ಯಾಲೆ ಹೇಳಿದ್ರ ಆಗ್ತಿದ್ದಿಲ್ಲೇನು?"

"ಕೇಳಿದ ಮ್ಯಾಲೆ ಹೇಳಿದ್ರ ಅದು ಸಿಕ್ಕಿಬಿದ್ದಂಗಲೇ. ಮೊದಲ ಹೇಳಿಬಿಡಬೇಕು."

ಮೆಸ್ಸಿನವರು ಮತ್ತೆ ಬಂದರೋ ಇಲ್ಲವೋ ನನಗೆ ನೆನಪಿಲ್ಲ.

ಇನ್ನೊಂದು ಅಭ್ಯಾಸ, ಹಾರ ಕಂಡರೆ ಓಡುವುದು. ಮಿಲ್ಲುಗಳ ಸಂಘಕ್ಕೆ ಬಹಳ ಕಾಲ ಅಧ್ಯಕ್ಷರಾಗಿದ್ದರೂ, ಊರಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದರೂ, ಶಾಲು ಹಾರ ಹಿಡಿದು ಯಾರಾದರೂ ಹತ್ತಿರ ಬಂದರೆ ಹಿತ್ತಲ ಬಾಗಿಲಿನಿಂದ ಮಾಯ. ಆಯುಧ ಪೂಜೆಯ ದಿನ ನಾವು ಹೆಂಗಸರು ಚೆಂಡುಹೂವಿನ ಹಾರ ಕಟ್ಟಿ ಮಿಲ್ಲಿನಲ್ಲಿದ್ದದ್ದಕ್ಕೆಲ್ಲ ಹಾಕುತ್ತಿದ್ದೆವು. ಮೋಟಾರಿಗೆ, ಲಾರಿಗೆ, ತಕ್ಕಡಿಗೆ, ಚೀಲ ಹೊಲಿಯುವ ಯಂತ್ರಕ್ಕೆ. ಸಾಹುಕಾರರಿಗೆಂದು ಕಟ್ಟಿದ್ದು ಮಾತ್ರ ಹಾಗೇ ಉಳಿಯುತ್ತಿತ್ತು. ಉಳಿದದ್ದನ್ನು ಆಫೀಸಿನ ಗೋಡೆಯಲ್ಲಿದ್ದ ಅವರ ಫೋಟೋಕ್ಕೆ ಹಾಕಿ, ಒಂದು ಕುಂಕುಮದ ಬೊಟ್ಟೂ ಇಡುತ್ತಿದ್ದೆವು. ಪ್ರತಿ ವರ್ಷವೂ ಅದೇ ಪದ್ಧತಿ. ನಾನು ಬಿಟ್ಟ ಮೇಲೂ ಅಲ್ಲಿನ ಹೆಂಗಸರು ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಈ ಸಲ ಪೂಜೆಯ ಮಾರನೆಯ ದಿನ ಒಂದು ಪತ್ರಿಕೆಯ ಹುಡುಗ ಹಳೆಯ ಮಿಲ್ಲುಗಳ ಬಗ್ಗೆ ಬರೆಯುತ್ತೇನೆಂದು ಬಂದನಂತೆ. ಸಾಹುಕಾರರು ಹೊಲದ ಕಡೆ ಹೋಗಿದ್ದರು. ಹುಡುಗ ಗೋಡೆ ನೋಡಿದ. ಫೋಟೋ, ಹಾರ, ಕುಂಕುಮ. ಕೇಳಿದರೆ ಮನೆಯವರಿಗೆ ನೋವಾಗುತ್ತದೆಂದು ಕೇಳದೆ ಹೋದ. ಮುಂದಿನ ವಾರ ಪತ್ರಿಕೆಯಲ್ಲಿ ಹಾರದ ಫೋಟೋ ಬಂತು, ಕೆಳಗೆ ಅವರ ಹೆಸರು, ಹೆಸರಿನ ಹಿಂದೆ 'ದಿವಂಗತ'.

ಅದನ್ನು ನಾನು ಚಿತ್ತವಾಡ್ಗಿಯ ಕಟ್ಟೆಯ ಮೇಲೆ ಕೂತು ಓದಿದೆ. ನಾನು ಓದಲು ಕಲಿತದ್ದು ಇದನ್ನು ಓದುವುದಕ್ಕೇನು ಎನಿಸಿತು. ಚಹಾ ಕುಡಿಯಲಿಲ್ಲ, ಸೊಸೆಗೆ ಹೇಳಿ ಕಂಪ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಪಕ್ಕದ ಹೆಂಗಸು, "ಯಾರಾಗಬೇಕಮ್ಮ?" ಎಂದು ಕೇಳಿದರೆ ಪೇಪರಿನಲ್ಲಿದ್ದ ಫೋಟೋ ತೋರಿಸಿದೆ.

ಮಿಲ್ಲಿನ ಅಂಗಳಕ್ಕೆ ಕಾಲಿಟ್ಟು ದನಿ ತೆಗೆದು ಅಳುವುದಕ್ಕೂ, ಬೇವಿನ ಗಿಡದ ಕೆಳಗೆ ರೊಟ್ಟಿ ಮುರಿಯುತ್ತಿದ್ದ ಸಾಹುಕಾರರು ತಲೆ ಎತ್ತುವುದಕ್ಕೂ ಸರಿಹೋಯಿತು.

"ಯಾಕ ತಂಗೀ? ಯಾರು ಹೋದ್ರು?"

"ನೀವರೀ!"

ನನ್ನ ಕೈಯಲ್ಲಿದ್ದ ಪೇಪರ್ ತೋರಿಸಿದೆ. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಬೆಳ್ಳನೆಯ ಹುಬ್ಬು ಮೇಲಕ್ಕೆ ಹೋಯಿತು. "ನಾ ಸತ್ತದ್ದು ನನಗಽ ಗೊತ್ತಿಲ್ಲಲ್ಲ! ಇರ್ಲಿ, ನೀ ಏನಾರ ತಿಂದೀ ಏನು?" ಎಂದರು. ಸಾವಿನ ಮನೆಗೆ ಹೊರಟವಳು ಏನು ತಿಂದಿರುತ್ತೇನೆ? ಅಳುತ್ತಾ ನಗುತ್ತಾ ಅವರ ತಟ್ಟೆಯ ರೊಟ್ಟಿಯನ್ನೇ ತಿಂದೆ.

ಪತ್ರಿಕೆಯದು ಒಂದು ದಿನದ ಮಾತು, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆವು. ಮುಗಿಯಲಿಲ್ಲ. ಅಂತರ್ಜಾಲದಲ್ಲಿ ಒಂದು ವಿಶ್ವಕೋಶ ಇದೆಯಂತೆ, ಊರೂರಿನ ಜನ ಸಂಬಳವಿಲ್ಲದೆ ಬರೆದು ತಿದ್ದುವಂಥದ್ದು. ಅದರಲ್ಲಿ ಸಾಹುಕಾರರ ಬಗ್ಗೆಯೂ ಒಂದು ಪುಟ ಇತ್ತು. ಯಾರೋ ಪತ್ರಿಕೆ ನೋಡಿ ಅಲ್ಲಿ ಸಾವಿನ ವರ್ಷ ಸೇರಿಸಿದರು. ಹೊರಗಿನ ವ್ಯಾಪಾರಿಗಳು ಸಾಹುಕಾರರ ಮಕ್ಕಳಿಗೆ ಫೋನು ಮಾಡಿ ಸಂತಾಪ ಹೇಳತೊಡಗಿದರು. ಒಬ್ಬರಂತೂ ಈಗ ಮಿಲ್ಲು ಯಾರ ಹೆಸರಿಗೆ ಎಂದು ಕೇಳಿ ಅಕ್ಕಿಯ ಲೋಡನ್ನೇ ನಿಲ್ಲಿಸಿದರು.

ನನ್ನ ಮೊಮ್ಮಗಳು ಹೊಸಪೇಟೆಯಲ್ಲಿ ಸೇರಿದ್ದು ಇಂಥದ್ದೇ ಆಫೀಸಿಗೆ. ದೊಡ್ಡವರ ಬಗ್ಗೆ ಅಂತರ್ಜಾಲದಲ್ಲಿ ತಪ್ಪಿದ್ದರೆ ಸರಿಪಡಿಸಿಕೊಡುವ ಕೆಲಸ. ನಾನೇ ಹೇಳಿದೆ, ಸಾಹುಕಾರರು ತಮ್ಮ ಪುಟ ತಿದ್ದಿಸುವ ಕೆಲಸವನ್ನು ಅಲ್ಲಿಗೇ ಕೊಟ್ಟರು. ಮ್ಯಾನೇಜರು ಅವಳಿಗೆ, "ಸಂಕ್ರಾಂತಿ ಒಳಗ ಇದನ್ನ ಮಾಡಿದ್ರ ನೀ ಕಾಯಂ. ಇಲ್ಲಂದ್ರ ನೋಡೋಣು" ಎಂದರಂತೆ. ನೋಡೋಣ ಎಂದರೆ ಮನೆಗೆ ಹೋಗು ಎಂದೇ ಅರ್ಥ.

ಆ ವಿಶ್ವಕೋಶಕ್ಕೆ ಒಂದು ಕಟ್ಟಳೆ ಇದೆ. ಸಂಬಳ ತೆಗೆದುಕೊಂಡು ಬರೆಯುವವರು ತಾವೇ ಪುಟಕ್ಕೆ ಕೈ ಹಚ್ಚಬಾರದು. ಪಕ್ಕದ ಚರ್ಚೆಯ ಪುಟದಲ್ಲಿ, ನಾನು ಇಂಥವರಿಂದ ಸಂಬಳ ಪಡೆದಿದ್ದೇನೆ ಎಂದು ಮೊದಲು ಬರೆದು, ಇದನ್ನು ತಿದ್ದಿ ಎಂದು ವಿನಂತಿ ಮಾಡಬೇಕು. ಸಂಬಂಧವಿಲ್ಲದ ಇನ್ನೊಬ್ಬರು ನೋಡಿ, ಸರಿ ಕಂಡರೆ ತಿದ್ದುತ್ತಾರೆ. ಎಷ್ಟು ದಿನ ಹಿಡಿಯುತ್ತದೋ ಯಾರಿಗೂ ಗೊತ್ತಿಲ್ಲ. ಮ್ಯಾನೇಜರಿಗೆ ಅಷ್ಟು ತಾಳ್ಮೆ ಇಲ್ಲ. "ಬ್ಯಾರೆ ಹೆಸರಿಲೆ ನೀನಽ ತಿದ್ದಿಬಿಡಮ್ಮ. ಸುಳ್ಳೇನು ಬರಿಯಾಕತ್ತಿಲ್ಲಲ್ಲ, ಮನಿಷ್ಯಾ ಬದುಕ್ಯಾನ" ಎಂದರಂತೆ.

ಹುಡುಗಿ ಅವತ್ತು ಊಟ ಬಿಟ್ಟು ಕೂತಳು. ಮಾರನೆಯ ದಿನ ಅವಳ ಜೊತೆ ನಾನೂ ಕಂಪ್ಲಿಗೆ ಹೋದೆ. ಸಾಹುಕಾರರ ಮಕ್ಕಳು ಆಗಲೇ ಒಂದು ದೊಡ್ಡ ಹೊಗಳಿಕೆ ಬರೆಸಿ ಇಟ್ಟಿದ್ದರು. ಇದನ್ನೂ ಸೇರಿಸಮ್ಮ ಎಂದರು. ಸಾಹುಕಾರರು ಪೂರ್ತಿ ಓದಿಸಿ ಕೇಳಿ, "ಇದ್ಯಾರಲೇ ಈ ಮಹಾಪುರುಷ? ನಾ ಸತ್ತಿಲ್ಲ ಅಂತ ಬರಸ್ರಿ, ಸಾಕು" ಎಂದರು. ಆಮೇಲೆ ಮೊಮ್ಮಗಳು ಮ್ಯಾನೇಜರ್ ಹೇಳಿದ್ದನ್ನು ತಿಳಿಸಿದಳು.

"ಸಂಬಳ ತಗೊಂಡೀನಿ ಅಂತ ಬರಿಯೋದ್ರಾಗ ನಾಚಿಕಿ ಏನೈತವ್ವಾ? ನಿಮ್ಮಜ್ಜಿ ಕೂಲಿ ತಗೊಂಡು ನುಚ್ಚು ಕೇರಿದ್ಲು. ಕದ್ದು ಕೇರಿದ್ಲೇನು? ಮೊದಲ ಹೇಳಿಬಿಡು."

"ಆಗಲಿಲ್ಲ ಅಂದ್ರ, ತಾತ?"

"ಆಗಲಿಲ್ಲಂದ್ರ ನಾ ಸತ್ತಂಗಽ ಇರ್ತೀನಿ. ನಿನ್ನ ನೌಕರಿಗೆ ಏನು ಮಾಡ್ಬೇಕು ಅದು ನನಗ ಚಿಂತಿ."

ಅವಳು ಅಲ್ಲೇ ಅಂಗಳದಲ್ಲಿ ಕೂತು, ಸಂಬಳದ ಮಾತನ್ನು ಮೊದಲು ಬರೆದು, ವಿನಂತಿ ಹಾಕಿದಳು. ಆ ಪುಟವನ್ನು ಓದಿಸಿ ಕೇಳುವಾಗ ಸಾಹುಕಾರರು ಇನ್ನೊಂದು ತಪ್ಪನ್ನೂ ಹಿಡಿದರು. ಹೆರಿಗೆ ಆಸ್ಪತ್ರೆಯನ್ನು ಅವರೊಬ್ಬರೇ ಕಟ್ಟಿಸಿದರು ಎಂದಿತ್ತು. "ಹಮಾಲ್ರೂ ಕೊಟ್ಟಾರ, ಹೆಣ್ಮಕ್ಕಳೂ ಕೊಟ್ಟಾರ. ಅದನ್ನೂ ತಿದ್ದಾಕ ಹೇಳು" ಎಂದರು. ಅದನ್ನೂ ಬರೆದಳು.

ಕಾದು ಕಾದು ಒಂದು ಉತ್ತರ ಬಂತು. ಸಂಬಳದ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ಆದರೆ ಅವರು ತೀರಿಕೊಂಡರೆಂದು ಪತ್ರಿಕೆಯಲ್ಲಿದೆ, ಅಲ್ಲವೆಂದು ಅಚ್ಚಾದದ್ದನ್ನು ತೋರಿಸಿ ಎಂದು.

"ನಾನಽ ಫೋನಿನಾಗ ಮಾತಾಡಿದ್ರ?" ಎಂದರು ಸಾಹುಕಾರರು.

"ನಡ್ಯಂಗಿಲ್ಲ ತಾತ. ಅಚ್ಚಾಗಿರಬೇಕು."

"ಭಾಳ ಕಟ್ಟುನಿಟ್ಟು ಮಂದಿ. ನನಗ ಸೇರಿದ್ರು."

ಮಕ್ಕಳಿಗೆ ಸಿಟ್ಟು ನೆತ್ತಿಗೇರಿತು. ಪತ್ರಿಕೆಗೆ ವಕೀಲರ ನೋಟಿಸು ಕಳಿಸುತ್ತೇವೆ ಎಂದು ನಿಂತರು. ಸಾಹುಕಾರರು ಕೈ ಅಡ್ಡ ಮಾಡಿದರು. "ನೋಟಿಸ್ ಬ್ಯಾಡ. ಹುಡುಗನ ಅನ್ನ ಹೋಗ್ತೈತಿ. ಊಟಕ್ಕ ಕರೀರಿ."

ಆ ಹುಡುಗ ಬಂದ ದಿನ ನಾನೂ ಅಲ್ಲಿದ್ದೆ. ಪಾಪ, ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಸಾಹುಕಾರರು ಅವನ ಹೆಗಲ ಮೇಲೆ ಕೈಯಿಟ್ಟು ಮಿಲ್ಲಿನೊಳಕ್ಕೆ ಕರೆದೊಯ್ದರು. ಆಯುಧ ಪೂಜೆಯ ಹಾರ ತಕ್ಕಡಿಯ ಮೇಲೆ ಒಣಗಿ ಇನ್ನೂ ನೇತಾಡುತ್ತಿತ್ತು. ಅದನ್ನು ತೋರಿಸಿ, "ಇದೂ ಸತ್ತೈತೇನಪಾ?" ಎಂದರು. ಹುಡುಗ ತಕ್ಕಡಿ ನೋಡಿದ. ಆಮೇಲೆ ಮೋಟಾರು ನೋಡಿದ, ಲಾರಿ ನೋಡಿದ, ಹಣೆ ಹಣೆ ಚಚ್ಚಿಕೊಂಡ. ಹಮಾಲರಲ್ಲಿ ಒಬ್ಬ, "ಸಾರ್, ನನ್ನ ಸೈಕಲ್ಲಿಗೂ ಹಾರ ಹಾಕೀನ್ರಿ, ಸುದ್ದಿ ಬರೀರಿ" ಎಂದ. ನಗು ತಡೆಯಲಾಗದೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಅವನು ಉಂಡು ಹೋಗಿ, ತಪ್ಪಾಯಿತೆಂದು ಪತ್ರಿಕೆಯಲ್ಲಿ ಹಾಕಿಸಿದ. ಸಾಹುಕಾರರು ಅಕ್ಕಿ ಕಡಿದು ನೋಡುವ ಫೋಟೋ ಸಮೇತ. ಅದನ್ನು ಓದಲು ನನ್ನನ್ನು ಕಂಪ್ಲಿಗೆ ಕರೆಸಿದರು. ಅದೇ ತೌಡಿನ ಚೀಲದ ಮೇಲೆ ಕೂತು ಓದಿದೆ. 'ಆರೋಗ್ಯವಾಗಿದ್ದಾರೆ' ಎನ್ನುವಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡೆ. "ಸತ್ತಾಗಲೂ ಅಳ್ತಿ, ಬದುಕಿದಾಗಲೂ ಅಳ್ತಿ. ನಿನ್ನ ಹೆಂಗ ಸಮಾಧಾನ ಮಾಡ್ಬೇಕು?" ಎಂದರು.

ಮೊಮ್ಮಗಳು ಅಚ್ಚಾದದ್ದನ್ನು ತೋರಿಸಿ ಮತ್ತೆ ಕೇಳಿಕೊಂಡಳು. ಇವತ್ತು ಮಧ್ಯಾಹ್ನ ಯಾವ ಊರಿನವರೋ, ಗಂಡಸೋ ಹೆಂಗಸೋ, ನೋಡಿ ತಿದ್ದಿದರು. ಅವರು ಎಲ್ಲಿದ್ದರೂ ತಣ್ಣಗಿರಲಿ. ಸಂಕ್ರಾಂತಿ ಇನ್ನೂ ಮುಂದಿದೆ. ಮ್ಯಾನೇಜರ್ ತಾವೇ ಅವಳನ್ನು ಕರೆದು, "ನೀ ಮಾಡಿದ್ದಽ ಸರಿ ಆತು ಬಿಡಮ್ಮ" ಎಂದು ಕಾಯಂ ಮಾಡಿದರಂತೆ. ಆಸ್ಪತ್ರೆಯ ಮಾತು ಮಾತ್ರ ಹಾಗೇ ಉಳಿದಿದೆ. ಹಮಾಲರು ಕೊಟ್ಟದ್ದು ಎಲ್ಲೂ ಅಚ್ಚಾಗಿಲ್ಲ. ಸಿಗುವವರೆಗೆ ಹುಡುಕುತ್ತೇನೆ ಎನ್ನುತ್ತಾಳೆ ಮೊಮ್ಮಗಳು.

ಇಲ್ಲಿಯವರೆಗೆ ಬರೆದು ಎದ್ದಿದ್ದೆ. ಉಳಿದದ್ದನ್ನು ಊಟವಾದ ಮೇಲೆ ಬರೆಯುತ್ತಿದ್ದೇನೆ.

ಸಂಜೆ ಮಗ ಆಟೋ ತೆಗೆದುಕೊಂಡು ಹೋಗಿ ಸಾಹುಕಾರರನ್ನು ಮನೆಗೆ ಕರೆತಂದ. ಬರುವ ದಾರಿಯಲ್ಲಿ ಖುಷಿ ತಡೆಯದೆ ಒಂದು ಹಾರವನ್ನೂ ಕೊಂಡಿದ್ದ. ಅದನ್ನು ಹೊರತೆಗೆದದ್ದೇ ತಡ, ಸಾಹುಕಾರರು ಬಾಗಿಲಿಗೆ ಸರಿದು, "ಮತ್ತ ಹಾರ ತಂದೆಲ್ಲೋ ಮಾರಾಯ! ಅದನ್ನ ನಿಮ್ಮ ಮಿಕ್ಸಿಗೆ ಹಾಕು" ಎಂದರು. ಮಗ ಹೋಗಿ ನಿಜವಾಗಿಯೂ ಮಿಕ್ಸಿಗೆ ಹಾಕಿದ.

ನೆಲದ ಮೇಲೆ ಸಾಲಾಗಿ ಕೂತೆವು. ಸಾಹುಕಾರರು, ಅವರ ಪಕ್ಕ ಮೊಮ್ಮಗಳು, ಆಮೇಲೆ ಮಗ, ನಾನು. ಸೊಸೆಯನ್ನೂ ಬಿಡಲಿಲ್ಲ, ಪಾತ್ರೆಯನ್ನೆಲ್ಲ ನಡುವೆ ತಂದಿಟ್ಟು ಅವಳಿಗೂ ಎಲೆ ಹಾಕಿಸಿದೆ. ಗೋಧಿ ಹುಗ್ಗಿ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅನ್ನದ ಪಾತ್ರೆ ಮುಂದಕ್ಕೆ ತಂದಾಗ ಸೊಸೆಯ ಕೈ ತಡೆಯಿತು.

"ಮೊದಲ ಹೇಳಿಬಿಡ್ತೀನ್ರಿ. ಇದು ನಿಮ್ಮ ಮಿಲ್ಲಿನ ಅಕ್ಕಿ ಅಲ್ಲ. ಅವಸರಕ್ಕ ಸಿಗಲಿಲ್ಲ. ಸೊಸೈಟಿ ಅಕ್ಕಿ."

ಸಾಹುಕಾರರು ಒಂದು ಅಗುಳನ್ನು ಎತ್ತಿ ಮುಂದಿನ ಹಲ್ಲಿಗಿಟ್ಟುಕೊಂಡರು. ಬೆಂದ ಅಗುಳು, ಎಲ್ಲಿಯ ಸದ್ದು? ಆದರೂ ನಾವೆಲ್ಲ ಅವರ ಬಾಯನ್ನೇ ನೋಡುತ್ತಿದ್ದೆವು.

"ಹೇಳಿ ಬಡಿಸಿದ್ರ ಎಲ್ಲಾ ರುಚಿ," ಎಂದು ಅವರು ಎಲೆ ಮುಂದಕ್ಕೆ ಸರಿಸಿದರು. "ಹಾಕವ್ವಾ, ಕೈ ಹಿಡಿಬ್ಯಾಡ. ಭಾಳ ದಿನ ಸತ್ತಿದ್ದೆ, ಹಸಿವಾಗೈತಿ."

ಎಲ್ಲರೂ ಒಟ್ಟಿಗೆ ಕೈ ಇಟ್ಟು ಉಂಡೆವು.